ಗದೆಯ ತೂಕ: ಅಣ್ಣಿಗೇರಿಯಿಂದ ಆಟದ ಪರದೆಯವರೆಗೆ

ಗದೆ ಬೀಸುವುದು ಸುಲಭ. ಬೀಸಿದ ಗದೆ ತಾಗಿತು ಎಂದು ನೋಡುವವನಿಗೆ ನಂಬಿಸುವುದು ಕಷ್ಟ. ದೊಡ್ಡಾಟದ ಅಟ್ಟದ ಮೇಲೆ ಭೀಮನ ಪಾತ್ರ ಕಟ್ಟಿದವನಿಗೆ ಈ ಕಷ್ಟ ಗೊತ್ತು. ಸಾವಿರ ವರ್ಷದ ಹಿಂದೆ 'ಗದಾಯುದ್ಧ' ಬರೆದ ರನ್ನನಿಗೂ ಗೊತ್ತಿತ್ತು. ಇವತ್ತು ಟೋಕಿಯೊದಲ್ಲೋ ಪುಣೆಯಲ್ಲೋ ಕೂತು ವಿಡಿಯೊ ಗೇಮ್ ಕಟ್ಟುವವರೂ ಇದೇ ಕಷ್ಟದ ಜೊತೆ ತಿಂಗಳುಗಟ್ಟಲೆ ಗುದ್ದಾಡುತ್ತಾರೆ. ಮೂವರ ಮುಂದಿರುವ ಪ್ರಶ್ನೆ ಒಂದೇ: ಯಾರಿಗೂ ನೋವಾಗದ ಒಂದು ಹೊಡೆತ ನೋಡುವವನಿಗೆ, ಆಡುವವನಿಗೆ, ಓದುವವನಿಗೆ ತೃಪ್ತಿ ಕೊಡುವುದು ಹೇಗೆ?

ನಾನು ಧಾರವಾಡದಲ್ಲಿದ್ದುಕೊಂಡು ಬೆಳ್ವೊಲ ಸೀಮೆಯ ವೀರಗಲ್ಲುಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಬೆಳ್ವೊಲ ಮುನ್ನೂರಕ್ಕೆ ರಾಜಧಾನಿಯಾಗಿದ್ದ ಅಣ್ಣಿಗೇರಿಯೇ ನಮ್ಮೂರು. ಹಗಲು ಕಲ್ಲಿನ ಮೇಲಿನ ಕಾಳಗ ನೋಡುವವಳು ರಾತ್ರಿ ಪರದೆಯ ಮೇಲಿನ ಕಾಳಗ ಆಡುತ್ತೇನೆ ಎಂದರೆ ಕೆಲವು ಹಿರಿಯರಿಗೆ ಇರಿಸುಮುರುಸು. ವಿಡಿಯೊ ಗೇಮ್ ಎಂದ ಕೂಡಲೇ ಅವರಿಗೆ ನೆನಪಾಗುವುದು ಹಿಂಸೆ, ವ್ಯಸನ, ಹಾಳಾದ ಪರೀಕ್ಷೆ. ಆ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕಾಳಗ ನೋಡಿ ಸುಖಪಡುವುದು ಮೊಬೈಲಿನ ಜೊತೆ ಬಂದ ಚಟವಲ್ಲ. ಕನ್ನಡದ ಮಟ್ಟಿಗೆ ಅದು ನಮ್ಮ ಮೊದಲ ದೊಡ್ಡ ಕಾವ್ಯಗಳಷ್ಟೇ ಹಳೆಯದು. ಆ ಸುಖ ಹೇಗೆ ಹುಟ್ಟುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದನ್ನು ನಮ್ಮ ಹಿಂದಿನವರು ಚೆನ್ನಾಗಿಯೇ ಯೋಚಿಸಿದ್ದರು.

ಮೊದಲು ಆಟಗಳ ಮಾತು. ಆ್ಯಕ್ಷನ್ ರೋಲ್-ಪ್ಲೇಯಿಂಗ್ ಗೇಮ್ ಎಂಬ ಪ್ರಕಾರದಲ್ಲಿ ಆಟಗಾರ ಒಂದು ಪಾತ್ರ ಹೊರುತ್ತಾನೆ. ಅದರ ಬಲ, ಆಯುಧ, ವಿದ್ಯೆಗಳನ್ನು ಬೆಳೆಸುತ್ತ ಹೋಗುತ್ತಾನೆ. ಕಾಳಗ ಮಾತ್ರ ಪಗಡೆಯಂತೆ ಸರದಿಯ ಪ್ರಕಾರ ನಡೆಯದೆ ಆ ಕ್ಷಣದಲ್ಲೇ, ಬೆರಳ ತುದಿಯಲ್ಲೇ ನಡೆಯುತ್ತದೆ. 1996ರ ಕೊನೆಗೆ ಬಂದು ಈ ಪ್ರಕಾರವನ್ನು ಜನಪ್ರಿಯಗೊಳಿಸಿದ 'ಡಯಾಬ್ಲೊ' ಕೂಡ ಮೊದಲು ಸರದಿಯ ಆಟವಾಗಿಯೇ ರೂಪುಗೊಳ್ಳುತ್ತಿತ್ತು. ತಯಾರಿಯ ನಡುವೆ ಅದನ್ನು ನೇರ ಕಾಳಗಕ್ಕೆ ತಿರುಗಿಸಿದರು. ಗುಂಡಿ ಒತ್ತಿದ ಗಳಿಗೆಯಲ್ಲೇ ಅಸ್ಥಿಪಂಜರ ಕುಸಿದು ಬೀಳುವ ಆ ಬದಲಾವಣೆಯೇ ಆಟದ ಜೀವವಾಯಿತು.

ಆದರೆ ಕೂಡಲೇ ಬಿದ್ದರೆ ಸಾಲದು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ನನ್ನ ಚಿಕ್ಕಪ್ಪನ ಮಗನನ್ನು, ಯಾವ ಆಟ ಚಲೋ, ಯಾವುದು ಸಪ್ಪೆ ಅಂತ ಹೆಂಗ ಹೇಳ್ತಿ ಎಂದು ಕೇಳಿದೆ. "ಅಕ್ಕಾ, ಬರೇ ಗುಂಡಿ ಒತ್ತಿದ್ರ ಏನೂ ಮಜಾ ಇಲ್ಲ. ಹೊಡ್ತ ಕೈಗೆ ಹತ್ಬೇಕು ನೋಡು" ಎಂದ. ಈ 'ಕೈಗೆ ಹತ್ತುವುದು' ಹೇಗೆಂದು ಹುಡುಕಿದರೆ ಸಿಗುವ ಉತ್ತರ ವಿಚಿತ್ರವಾಗಿದೆ. ಕತ್ತಿ ಮೈಗೆ ತಾಗಿದ ಗಳಿಗೆಯಲ್ಲಿ ಆಟ ಎರಡೂ ಆಕೃತಿಗಳನ್ನು ಕಣ್ಣಿಗೆ ಕಂಡೂ ಕಾಣದಷ್ಟು ಹೊತ್ತು ನಿಲ್ಲಿಸಿಬಿಡುತ್ತದೆ. ಇದಕ್ಕೆ ಹಿಟ್-ಸ್ಟಾಪ್ ಎಂಬ ಹೆಸರಿದೆ. ಸೆಕೆಂಡಿಗೆ 60 ಚಿತ್ರಗಳು ಓಡುವ ಆಟದಲ್ಲಿ 6 ಚಿತ್ರಗಳ ತಡೆ ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟು ಹೊತ್ತು ಕತ್ತಿ ಮಾಂಸದಲ್ಲಿ ಸಿಕ್ಕಿಕೊಂಡಂತೆ ನಿಲ್ಲುತ್ತದೆ, ಕೈಯಲ್ಲಿರುವ ಕಂಟ್ರೋಲರ್ ಅದುರುತ್ತದೆ, ಸದ್ದು ಒಮ್ಮೆ ದಪ್ಪಗಾಗುತ್ತದೆ. ವೇಗದಿಂದ ಬರುತ್ತದೆ ಎಂದು ನಾವು ತಿಳಿದ ಪೆಟ್ಟಿನ ತೂಕ ಬರುವುದು ಈ ತಡೆಯಿಂದ.

ಎರಡನೆಯದು ಮುನ್ಸೂಚನೆ. 2011ರಲ್ಲಿ ಜಪಾನಿನ ಫ್ರಮ್‌ಸಾಫ್ಟ್‌ವೇರ್ ತಂದ 'ಡಾರ್ಕ್ ಸೋಲ್ಸ್' ಈ ವಿದ್ಯೆಯ ದೊಡ್ಡ ಪಾಠಶಾಲೆ. ಅಲ್ಲಿ ದೈತ್ಯ ಕೊಡಲಿ ಎತ್ತುವುದು ನಿಮಗೆ ಕಾಣುತ್ತದೆ. ಎತ್ತಿದ ಭುಜ, ಹಿಂದಿಟ್ಟ ಹೆಜ್ಜೆ, ಒಂದು ಉಸಿರಿನಷ್ಟು ಬಿಡುವು, ಇವುಗಳನ್ನು ಓದಿಕೊಂಡವನು ಉರುಳಿ ತಪ್ಪಿಸಿಕೊಳ್ಳುತ್ತಾನೆ. ಓದದವನು ಸಾಯುತ್ತಾನೆ. ನಿಮ್ಮ ಕೈಗೂ ಕಟ್ಟುಪಾಡುಂಟು: ಬೀಸಲು ಶುರುಮಾಡಿದ ಕತ್ತಿಯನ್ನು ನಡುವೆ ಹಿಂತೆಗೆಯುವಂತಿಲ್ಲ, ಬೀಸಿದಷ್ಟೂ ದಮ್ಮು ಕರಗುತ್ತದೆ, ಇಕ್ಕಟ್ಟಾದ ಓಣಿಯಲ್ಲಿ ಉದ್ದನೆಯ ಕತ್ತಿ ಗೋಡೆಗೆ ಬಡಿದು ವಾಪಸು ಬರುತ್ತದೆ. ಹೀಗಾಗಿ ಸತ್ತಾಗಲೂ 'ಇದು ಅನ್ಯಾಯ' ಎನ್ನಿಸುವುದು ಕಡಿಮೆ. 'ನಾನು ನೋಡಬೇಕಿತ್ತು' ಎನ್ನಿಸುತ್ತದೆ. ಮೂರನೆಯದು ಫಲ. ಬಿದ್ದ ಶತ್ರು ಬಿದ್ದಂತೆ ಕಾಣಬೇಕು, ಗೆದ್ದವನಲ್ಲಿ ಏನೋ ಬದಲಾಗಬೇಕು, ಸೋತವನು ಏನನ್ನೋ ಕಳೆದುಕೊಳ್ಳಬೇಕು.

ಮುನ್ಸೂಚನೆ, ತಾಗು, ಫಲ. ಈ ಮೂರನ್ನು ನಾನು ಮೊದಲು ಕೇಳಿದ್ದು ಆಟದ ಪರಿಭಾಷೆಯಲ್ಲಲ್ಲ. ಕುಸ್ತಿಯ ಹುಚ್ಚಿದ್ದ ನಮ್ಮಜ್ಜ ಪಟ್ಟುಗಳ ಬಗ್ಗೆ ಮಾತು ತೆಗೆದರೆ ನಿಲ್ಲಿಸುತ್ತಿರಲಿಲ್ಲ. "ಅವ ಏನ್ ಮಾಡ್ತಾನಂತ ಅವನ ಭುಜಾ ಮೊದಲ ಹೇಳತೈತಿ" ಎನ್ನುತ್ತಿದ್ದ. ನಮ್ಮ ಕಡೆಯ ಜಾತ್ರೆಗಳಲ್ಲಿ ಇಂದಿಗೂ ಹೆಚ್ಚು ಜನ ಸೇರುವುದು ಅಂಕಗಳ ಕುಸ್ತಿಗಲ್ಲ, ಒಬ್ಬ ಚಿತ್ ಆಗುವವರೆಗೆ ನಡೆಯುವ ಜಂಗೀ ನಿಕಾಲಿ ಕುಸ್ತಿಗೆ. ಬೆನ್ನು ಮಣ್ಣಿಗೆ ಹತ್ತಿತೋ ಇಲ್ಲವೋ ಎಂಬುದರಲ್ಲಿ ವಾದಕ್ಕೆ ಎಡೆ ಕಡಿಮೆ. ಕೆಂಪು ಮಣ್ಣು ಮೆತ್ತಿದ ಬೆನ್ನೇ ತೀರ್ಪು.

ದೊಡ್ಡಾಟದಲ್ಲೂ ಇದೇ ಕ್ರಮ. ವೇಷಧಾರಿ ಅಟ್ಟಕ್ಕೆ ಬಂದೊಡನೆ ಯುದ್ಧ ಶುರುವಾಗುವುದಿಲ್ಲ. ಸಾರಥಿ ಅವನನ್ನು ತಡೆದು ಹೆಸರು ಕೇಳುತ್ತಾನೆ, ಬಂದ ಕಾರಣ ಕೇಳುತ್ತಾನೆ. ಪಾತ್ರ ತನ್ನನ್ನು ತಾನು ಹೊಗಳಿಕೊಳ್ಳುತ್ತದೆ, ಕುಣಿಯುತ್ತದೆ. ಹಲಗೆಯ ಅಟ್ಟ ಹೆಜ್ಜೆಗೆ ಗುಡುಗುತ್ತದೆ, ಮದ್ದಲೆ ಅದಕ್ಕೆ ಉತ್ತರ ಕೊಡುತ್ತದೆ. ರಟ್ಟಿನ ಗದೆಗೆ ಇಲ್ಲದ ತೂಕವನ್ನು ಹಲಗೆ ಮತ್ತು ಮದ್ದಲೆ ಸೇರಿ ತುಂಬಿಕೊಡುತ್ತವೆ. ಆಮೇಲೆ ಗದೆ ಮೈಗೆ ಸೋಕದಿದ್ದರೂ ಪ್ರೇಕ್ಷಕ ಬೆಚ್ಚುತ್ತಾನೆ. ಆಟ ತಯಾರಿಸುವವರು ಕಂಟ್ರೋಲರಿನ ಅದುರಿನಿಂದ ಮಾಡುವ ಕೆಲಸವನ್ನೇ ನಮ್ಮ ಕಲಾವಿದರು ಅಟ್ಟದ ಹಲಗೆಯಿಂದ ಮಾಡುತ್ತ ಬಂದಿದ್ದಾರೆ.

ಕಾಳಗವನ್ನು ನೋಟವಾಗಿ, ವಿನೋದವಾಗಿ ಕ್ರಮಬದ್ಧವಾಗಿ ವಿವರಿಸಿದ ಗ್ರಂಥವೂ ಈ ನಾಡಿನಲ್ಲೇ ಹುಟ್ಟಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಅರಸನ ವಿನೋದಗಳನ್ನು ಒಂದೊಂದಾಗಿ ವರ್ಣಿಸುತ್ತದೆ. ಸಂಗೀತ, ನೃತ್ಯ, ಕಥೆಗಳ ಜೊತೆಗೇ ಅಲ್ಲಿ ಮಲ್ಲವಿನೋದವಿದೆ, ಕೋಳಿಯಂಕವಿದೆ, ಟಗರಿನ ಕಾಳಗವಿದೆ, ಅಂಕವಿನೋದವೂ ಇದೆ. ಅಂಕವೆಂದರೆ ಇಬ್ಬರು ಶಸ್ತ್ರ ಹಿಡಿದು ಅರಸನ ಮುಂದೆ ಮಾಡುವ ದ್ವಂದ್ವಯುದ್ಧ. ಅದರಲ್ಲಿ ಇಳಿಯುವವನು ಅಂಕಕಾರ. ನಮ್ಮ ಶಾಸನ, ಕಾವ್ಯಗಳಲ್ಲಿ ಆ ಪದ ಬಿರುದಾಗಿ ಮೆರೆಯುತ್ತದೆ. ಮಲ್ಲರ ವಯಸ್ಸು, ಮೈಕಟ್ಟು, ಆಹಾರ, ಸಾಧನೆಗಳನ್ನೆಲ್ಲ ಸೋಮೇಶ್ವರ ಲೆಕ್ಕವಿಟ್ಟು ಹೇಳುತ್ತಾನೆ. ಸರಿಜೋಡಿ ಇಲ್ಲದ ಕಾಳಗದಲ್ಲಿ ರಸವಿಲ್ಲ ಎಂಬ ತಿಳಿವಳಿಕೆ ಆ ಲೆಕ್ಕದ ಹಿಂದಿದೆ. ಆದರೆ ಅಂಕದಲ್ಲಿ ಚೆಲ್ಲುತ್ತಿದ್ದದ್ದು ನಿಜವಾದ ರಕ್ತ. ಅರಸನಿಗೆ ವಿನೋದ, ಅಂಕಕಾರನಿಗೆ ಪ್ರಾಣ. ಇವತ್ತಿನ ಆಟ ಆ ಅಂಕಕಾರನ ಜಾಗದಲ್ಲಿ ಚಿತ್ರವನ್ನು ಇಟ್ಟಿದೆ, ಅರಸನ ಜಾಗದಲ್ಲಿ ನನ್ನನ್ನು, ನಿಮ್ಮನ್ನು ಕೂರಿಸಿದೆ. ಇದು ಸಣ್ಣ ಸುಧಾರಣೆಯಲ್ಲ.

ಇನ್ನು ವೀರಗಲ್ಲು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನದರಲ್ಲಿ ದೇವಸನ್ನಿಧಿಯಲ್ಲಿ ಕುಳಿತ ವೀರ. ಓದುವುದು ಕೆಳಗಿನಿಂದ ಮೇಲಕ್ಕೆ. ಹೋರಾಟದ ಕಾರಣಗಳಿಗೆ ಶಾಸನಗಳಲ್ಲಿ ಖಚಿತವಾದ ಪದಗಳಿವೆ: ದನ ಹೊಡೆದುಕೊಂಡು ಹೋದಾಗ ನಡೆದದ್ದು ತುರುಗೋಳು, ಊರು ನಾಶವಾಗುವಾಗ ನಡೆದದ್ದು ಊರಳಿವು, ಹೆಣ್ಣಿನ ಮೊರೆಗೆ ಓಗೊಟ್ಟು ನಡೆದದ್ದು ಪೆಣ್ಬುಯ್ಯಲ್. ಒಡೆಯನ ಅನ್ನದ ಋಣಕ್ಕೆ ಪ್ರಾಣ ಕೊಡುವುದಕ್ಕೆ ಜೋಳವಾಳಿ ಎಂಬ ಮಾತಿದೆ. ಜೋಳದ ಸೀಮೆಯವಳಾದ ನನಗೆ ಅದು ಇಂದಿಗೂ ಹೊಟ್ಟೆಗೆ ತಾಗುವ ಪದ. ಎಂ. ಚಿದಾನಂದಮೂರ್ತಿಯವರು ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ಈ ಲೋಕವನ್ನು ತೆರೆದು ತೋರಿಸಿದರು. ಷ. ಶೆಟ್ಟರ್ ಅವರು ಸೊಂಥೈಮರ್ ಜೊತೆಗೂಡಿ 1982ರಲ್ಲಿ ಧಾರವಾಡದಿಂದ ಹೊರತಂದ ಸ್ಮಾರಕಶಿಲೆಗಳ ಸಂಪುಟ ನನ್ನಂಥ ವಿದ್ಯಾರ್ಥಿಗಳಿಗೆ ಇಂದಿಗೂ ಮೊದಲ ಮೆಟ್ಟಿಲು.

ಕೆಳಪಟ್ಟಿಕೆಯ ಶಿಲ್ಪಿ ಎಷ್ಟು ಜಾಣ ನೋಡಿ. ಅವನಿಗೆ ಸಿಕ್ಕಿರುವುದು ಗೇಣುದ್ದದ ಜಾಗ, ಒಂದೇ ಒಂದು ಗಳಿಗೆ. ಅವನು ವೀರನನ್ನು ಎದುರಾಳಿಗಳಿಗಿಂತ ದೊಡ್ಡದಾಗಿ ಕೆತ್ತುತ್ತಾನೆ, ಕೈಯನ್ನು ಎತ್ತಿದ ಸ್ಥಿತಿಯಲ್ಲಿ ನಿಲ್ಲಿಸುತ್ತಾನೆ. ಹೊಡೆತ ಇನ್ನೇನು ಬೀಳಬೇಕು. ಕಾಲದ ಹರಿವನ್ನು ಅಲ್ಲೇ ತಡೆದದ್ದರಿಂದ ಹೊಡೆತಕ್ಕೆ ತೂಕ ಬಂದಿದೆ. ಕಲ್ಲೆಂಬುದೇ ಒಂದು ಕೊನೆಯಿಲ್ಲದ ಹಿಟ್-ಸ್ಟಾಪ್. ಮೇಲಿನ ಎರಡು ಪಟ್ಟಿಕೆಗಳು ಆ ಹೊಡೆತದ ಫಲವನ್ನು ಹೇಳುತ್ತವೆ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ಮರೆತು ಈ ಮಾತು ಮುಗಿಯದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಬಳಿಕ, ಅಂದರೆ 949-50ರ ಹೊತ್ತಿಗೆ ನಿಂತ ಕಲ್ಲು ಅದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು; ಎರಡೂ ಸತ್ತವು. ಮಣಲೆರ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದ. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿ, ಹಂದಿ ಎರಡೂ ಇವೆ. ಚಕ್ರವರ್ತಿಗಳ ಯುದ್ಧ ಅಕ್ಷರದಲ್ಲಿ ಉಳಿಯಿತು. ಚಿತ್ರವಾಗಿ ಕಣ್ಣಿಗೆ ಕಾಣುವುದು ನಾಯಿಯ ಕಾಳಗ. ಅದನ್ನು ನೋಡಿದವರಿಗೆ ಹೆಚ್ಚು ನೆನಪುಳಿಯುವುದೂ ಕಾಳಿಯೇ. ಸೇನೆಗಳ ಗದ್ದಲದಲ್ಲಿ ಯಾರು ಯಾರನ್ನು ಹೊಡೆದರೆಂದು ಗೊತ್ತಾಗದು. ಇಲ್ಲಿ ಇಬ್ಬರೇ ಇದ್ದಾರೆ, ಹೆಸರಿದೆ, ಕೊನೆ ಇದೆ.

'ಡಾರ್ಕ್ ಸೋಲ್ಸ್'ನಲ್ಲಿ ಇದಕ್ಕೆ ಹತ್ತಿರದ ಒಂದು ಏರ್ಪಾಡಿದೆ. ನೀವು ನಡೆಯುವ ದಾರಿಯಲ್ಲಿ ಅಲ್ಲಲ್ಲಿ ರಕ್ತದ ಕಲೆಗಳು ಹೊಳೆಯುತ್ತಿರುತ್ತವೆ. ಅವು ಬೇರೆ ಯಾವುದೋ ಊರಿನ, ಬೇರೆ ಯಾರೋ ಆಟಗಾರ ಅಲ್ಲಿ ಸತ್ತ ಗುರುತು. ಮುಟ್ಟಿದರೆ ಅವನ ಕೊನೆಯ ಕೆಲವು ಗಳಿಗೆಗಳು ಕೆಂಪು ನೆರಳಾಗಿ ಎದ್ದು ಆಡಿ ಮಾಯವಾಗುತ್ತವೆ. ಕೊಂದವನು ಯಾರೆಂದು ಕಾಣುವುದಿಲ್ಲ. ಬಿದ್ದ ರೀತಿ ನೋಡಿ ನೀವೇ ಊಹಿಸಬೇಕು. ಮೊದಲ ಸಲ ಅದನ್ನು ಮುಟ್ಟಿದಾಗ ನನಗೆ ಊರ ಹೊರಗಿನ ಕಲ್ಲುಗಳು ನೆನಪಾದವು. ಇಲ್ಲೊಬ್ಬ ಬಿದ್ದ, ದಾಟಿ ಹೋಗುವವರೇ ಒಂದು ಗಳಿಗೆ ನಿಲ್ಲಿ ಎಂದು ಹೇಳುವುದೇ ಎರಡರ ಕೆಲಸ. ಕಾಳಗದ ಸುಖದಲ್ಲಿ ಬಹುಪಾಲು ಇರುವುದು ಈ ಸಾಕ್ಷಿಯಲ್ಲಿ ಎಂದು ನನಗೆ ಅನ್ನಿಸತೊಡಗಿದ್ದು ಆಗ. ನನ್ನ ಹೊಡೆತವನ್ನು ಲೋಕ ಗಮನಿಸಿತು, ಅದಕ್ಕೆ ಉತ್ತರ ಕೊಟ್ಟಿತು, ಅದರ ಗುರುತು ಉಳಿಸಿಕೊಂಡಿತು ಎಂಬ ನಂಬಿಕೆ ಅದು. ದಿನದ ಬದುಕಿನಲ್ಲಿ ನಾವು ಮಾಡುವ ಎಷ್ಟೋ ಕೆಲಸಗಳಿಗೆ ಈ ಉತ್ತರ ಸಿಗುವುದಿಲ್ಲ. ಕಚೇರಿಗೆ ಕೊಟ್ಟ ಅರ್ಜಿ ಎಲ್ಲಿ ಹೋಯಿತೋ ತಿಳಿಯದು. ಪರದೆಯ ಮೇಲೆ ಬೀಸಿದ ಕತ್ತಿ ಮಾತ್ರ ತಾಗಿದ್ದನ್ನು ಹೇಳಿಯೇ ಹೇಳುತ್ತದೆ.

ಹಾಗಾದರೆ ಕಾವ್ಯ ಏನು ಮಾಡಿತು? ಇಲ್ಲಿ ಅಣ್ಣಿಗೇರಿಗೆ ಬರಬೇಕು. ಪಂಪನ ತಮ್ಮ ಜಿನವಲ್ಲಭ ಬರೆಸಿದ ಕುರ್ಕ್ಯಾಲದ ಶಾಸನ ತಮ್ಮ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಹೇಳುತ್ತದೆ. ನಮ್ಮೂರು ಆದಿಕವಿಯನ್ನು ತನ್ನವನೆಂದು ಹೆಮ್ಮೆಪಡಲು ಈ ತಾಯಿಯ ನಂಟೇ ಆಧಾರ. ಪಂಪ 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದು ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕಂಡ. ಅದರ ಹದಿಮೂರನೆಯ ಆಶ್ವಾಸದ ಬೀಜವೇ ಮುಧೋಳದ ರನ್ನನಲ್ಲಿ 'ಗದಾಯುದ್ಧ'ವಾಗಿ ಮರವಾಯಿತು. ರನ್ನನ ನಾಯಕ ಭೀಮ. ಆ ಭೀಮನಲ್ಲಿ ಚಾಲುಕ್ಯ ಸತ್ಯಾಶ್ರಯ ಬೆರೆತಿದ್ದಾನೆ. ಒಡೆಯನಿಗೆ ಗೆಲುವಿನ ಸುಖ ಉಣಿಸುವುದು ಇಬ್ಬರು ಕವಿಗಳ ಹೊಣೆಯಾಗಿತ್ತು. ಆ ಹೊಣೆಯನ್ನು ಅವರು ತಪ್ಪಿಸಲಿಲ್ಲ.

ರನ್ನ ಹೊಡೆತವನ್ನು ಎಷ್ಟು ದೂರದಿಂದ ತಯಾರು ಮಾಡುತ್ತಾನೆ ನೋಡಿ. ದುರ್ಯೋಧನ ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿದ್ದಾನೆ. ದಡದಲ್ಲಿ ನಿಂತ ಭೀಮ ಗರ್ಜಿಸುತ್ತಾನೆ. ಆ ದನಿ ಕೇಳಿ ನೀರೊಳಗಿದ್ದವನು ಬೆವರುತ್ತಾನೆ. ನೀರಲ್ಲಿದ್ದವನ ಬೆವರನ್ನು ಯಾರು ಕಂಡಾರು? ಆದರೂ ಕನ್ನಡ ಓದುಗ ಸಾವಿರ ವರ್ಷದಿಂದ ಅದನ್ನು ನಂಬಿದ್ದಾನೆ. ಒಂದೂ ಏಟು ಬೀಳುವ ಮೊದಲೇ ಭೀಮನ ತೂಕ ನಮಗೆ ತಿಳಿದುಹೋಗಿದೆ. ಸದ್ದು, ತಡೆ, ಕಾಯುವಿಕೆ: ಎಲ್ಲ ಉಪಾಯಗಳೂ ಅಲ್ಲಿವೆ.

ಆದರೆ ರನ್ನ ಇಷ್ಟಕ್ಕೇ ನಿಲ್ಲುವುದಿಲ್ಲ. ಕೊನೆಯ ದ್ವಂದ್ವಕ್ಕೆ ಎಷ್ಟೋ ಮೊದಲೇ ಅವನು ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ. ಗುರು ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣಕುಮಾರ, ಜೀವದ ಗೆಳೆಯ ಕರ್ಣ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಅಳುತ್ತಾನೆ ಆ ದೊರೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಕಾವ್ಯದ ನಾಯಕ ಭೀಮನಾದರೂ ಓದುಗನ ಕಣ್ಣು ತೇವವಾಗುವುದು ಇಲ್ಲಿ. 1926ರಲ್ಲಿ ಬಿ.ಎಂ.ಶ್ರೀ. ಈ ಕಾವ್ಯದಿಂದ 'ಗದಾಯುದ್ಧ ನಾಟಕಂ' ಕಟ್ಟಿದಾಗ ಗ್ರೀಕ್ ದುರಂತದ ಮಾದರಿ ಅದಕ್ಕೆ ಒಗ್ಗಿದ್ದು ಈ ನಡಿಗೆಯಿಂದಲೇ. ಹೆಣಗಳ ನಡುವೆ ಹಾಯ್ದು ಬಂದ ಮೇಲೆ ಬೀಳುವ ಗದೆಯ ಏಟು ನಮಗೆ ಬರೀ ಸುಖ ಕೊಡಲಾರದು.

ಇನ್ನೊಂದು ತೊಡಕನ್ನು ವ್ಯಾಸಭಾರತವೇ ಇಟ್ಟಿದೆ. ಗದಾಯುದ್ಧಕ್ಕೆ ನಿಯಮವಿದೆ: ನಾಭಿಯ ಕೆಳಗೆ ಹೊಡೆಯಬಾರದು. ಭೀಮ ಹೊಡೆದದ್ದು ತೊಡೆಗೆ. ಅವನಿಗೆ ಹಳೆಯ ಪ್ರತಿಜ್ಞೆ ಇದೆ, ದ್ರೌಪದಿಯ ಅವಮಾನದ ನೆನಪಿದೆ; ಆದರೂ ನಿಯಮ ನಿಯಮವೇ. ಗದಾವಿದ್ಯೆಯ ಗುರು ಬಲರಾಮ ಸಿಟ್ಟಿನಿಂದ ಎದ್ದು ನಿಲ್ಲುತ್ತಾನೆ. ಇಡೀ ಮಹಾಭಾರತದಲ್ಲಿ ಓದುಗ ಹೆಚ್ಚು ಕಾದಿದ್ದ ಏಟು, ಬಿದ್ದಾಗ, ಆಟದ ಕಟ್ಟುಪಾಡನ್ನೇ ಮುರಿದ ಏಟಾಗಿರುತ್ತದೆ. ಇಷ್ಟು ದೊಡ್ಡ ಅತೃಪ್ತಿಯನ್ನು ತೃಪ್ತಿಯ ಒಳಗೇ ಬಚ್ಚಿಟ್ಟ ಕಾಳಗ ನಾನು ಆಡಿದ ಆಟಗಳಲ್ಲಿ ವಿರಳ. 2005ರ 'ಶ್ಯಾಡೋ ಆಫ್ ದ ಕೊಲೊಸಸ್' ಮಾತ್ರ ಹತ್ತಿರ ಬರುತ್ತದೆ. ಅಲ್ಲಿ ಒಂದೊಂದೇ ಬೃಹತ್ ಜೀವವನ್ನು ಹತ್ತಿ, ಇರಿದು, ಕೆಡವುತ್ತೀರಿ. ಅದು ನಿಧಾನವಾಗಿ ಕುಸಿಯುವಾಗ ಸಂಗೀತ ಗೆಲುವನ್ನು ಹಾಡದೆ ಶೋಕಕ್ಕೆ ತಿರುಗುತ್ತದೆ.

ಈ ಅತೃಪ್ತಿ ಯಾಕೆ ಬೇಕು ಎಂದು ಕೇಳುವವರಿಗೆ ನಮ್ಮೂರಿನದೇ ಒಂದು ಉತ್ತರವಿದೆ. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ಮನುಷ್ಯರ ತಲೆಬುರುಡೆಗಳು ಸಿಕ್ಕವು. ಅಗೆದಷ್ಟೂ ಬಂದು ನೂರಾರಾದವು. ಯುದ್ಧದ ಹತ್ಯಾಕಾಂಡವೆಂದು ಕೆಲವರು ಹೇಳಿದರು; 1791-92ರ ಸುಮಾರಿನ ತಲೆಬುರುಡೆಯ ಬರವೆಂದು ಕೆಲವರು ವಾದಿಸಿದರು; ಮಾದರಿಗಳು ಪ್ರಯೋಗಾಲಯಕ್ಕೆ ಹೋದವು. ವೀರಗಲ್ಲಿನ ಎದುರು ಈ ಬುರುಡೆಗಳನ್ನು ಇಟ್ಟು ನೋಡಿದರೆ ವ್ಯತ್ಯಾಸ ಮನಸ್ಸಿಗೆ ಇರಿಯುತ್ತದೆ. ಕಲ್ಲಿನ ಮೇಲಿನ ಸಾವಿಗೆ ಹೆಸರಿದೆ, ಕಾರಣವಿದೆ, ಅಪ್ಸರೆಯರಿದ್ದಾರೆ. ನಾಯಿಗೂ ಹೆಸರಿದೆ. ಮಣ್ಣಿನಡಿಯ ಸಾವಿಗೆ ಇದ್ಯಾವುದೂ ಇಲ್ಲ: ಮುನ್ಸೂಚನೆ ಓದಿ ಉರುಳಿ ತಪ್ಪಿಸಿಕೊಳ್ಳುವ ಅವಕಾಶವಿರಲಿಲ್ಲ, ಬಿದ್ದದ್ದನ್ನು ಹೇಳುವ ಮದ್ದಲೆ ಇರಲಿಲ್ಲ, ದಾಟಿ ಹೋಗುವವರನ್ನು ನಿಲ್ಲಿಸುವ ಗುರುತಿರಲಿಲ್ಲ. ಚರಿತ್ರೆಯ ಬಹುಪಾಲು ಸಾವುಗಳು ಈ ಬಗೆಯವು. ಸೊಗಸಾದ ಕಾಳಗ ಎಂಬುದು ಆ ಗೊಂದಲದಿಂದ ಆರಿಸಿ, ತಿದ್ದಿ, ಬೆಳಕಿಗಿಟ್ಟ ಒಂದು ತುಣುಕು. ಆರಿಸಿದ್ದು ತಪ್ಪಲ್ಲ. ಆರಿಸಿದ್ದೇವೆ ಎಂಬುದನ್ನು ಮರೆತರೆ ಮಾತ್ರ ಯುದ್ಧವೂ ಆಟದಷ್ಟೇ ನ್ಯಾಯವಾಗಿ ನಡೆಯುತ್ತದೆ ಎಂಬ ಭ್ರಮೆ ಬೆಳೆಯುತ್ತದೆ. ಟಿವಿಯಲ್ಲಿ ಬಾಂಬು ಬೀಳುವುದನ್ನು ನೋಡಿ ಸಿಳ್ಳೆ ಹೊಡೆಯುವವರನ್ನು ಕಂಡಾಗ ನನಗೆ ಹೆದರಿಕೆಯಾಗುವುದು ಇದೇ ಕಾರಣಕ್ಕೆ.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ 'ರಾಜಿ' ಎಂಬ ಆಟ ತಂದು ಒಬ್ಬ ಹುಡುಗಿಯ ಕೈಗೆ ದುರ್ಗೆಯ ತ್ರಿಶೂಲ ಕೊಟ್ಟಿತು. ನಮ್ಮ ಪುರಾಣಗಳು ಪರದೆಗೆ ಬರುವ ಕಾಲ ಬಂದಿದೆ. ಒಂದಲ್ಲ ಒಂದು ದಿನ ಕನ್ನಡದ ಹುಡುಗರು, ಹುಡುಗಿಯರು ಗದಾಯುದ್ಧವನ್ನೂ ಆಟವಾಗಿ ಕಟ್ಟಿಯಾರು. ಗದೆಯ ತೂಕ, ಸರೋವರದ ನೀರು, ಭೀಮನ ಗರ್ಜನೆ, ಎಲ್ಲವನ್ನೂ ಅವರು ಚೆನ್ನಾಗಿಯೇ ಮಾಡುತ್ತಾರೆ; ಆ ವಿದ್ಯೆ ಈಗ ಲೋಕಕ್ಕೆಲ್ಲ ಗೊತ್ತಿದೆ. ನನ್ನ ಬೇಡಿಕೆ ಎರಡೇ. ದ್ವಂದ್ವಕ್ಕೆ ಮೊದಲು ಆಟಗಾರನನ್ನು ಹೆಣಗಳ ನಡುವೆ ನಡೆಸಿ. ಓಡಲು ಬಿಡಬೇಡಿ, ಪ್ರತಿ ಹೆಣದ ಹೆಸರನ್ನೂ ಹೇಳಿ. ಕೊನೆಗೆ ತೊಡೆಗೆ ಹೊಡೆಯುವ ಗುಂಡಿಯನ್ನೂ ಅವನ ಕೈಗೇ ಕೊಡಿ. ಏಟು ತಾಗಲಿ, ಕಂಟ್ರೋಲರ್ ಅದುರಲಿ, ಅವನಿಗೆ ಸಿಗಬೇಕಾದ ಸುಖವೆಲ್ಲ ಸಿಗಲಿ. ಆಮೇಲೆ ಬಲರಾಮ ಎದ್ದು ನಿಲ್ಲಲಿ.